ಕೊಲೆಗಾರ ಸಿಗದ ಪತ್ತೇದಾರಿ

ಡೊಂಬಿವಲಿಯಿಂದ ಹೊರಡುವ ಬೆಳಗಿನ ಲೋಕಲ್‌ನಲ್ಲಿ ನಾವು ಮೂವರು ಕನ್ನಡಿಗರು. ಕಳೆದ ತಿಂಗಳು ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ (1985) ಒಬ್ಬರ ಬ್ಯಾಗಿನಿಂದ ಇನ್ನೊಬ್ಬರ ಬ್ಯಾಗಿಗೆ ದಾಟಿತು.

“ಜೋಗಿಹಾಳರನ್ನು ಕೊಂದದ್ದು ಯಾರು ಅಂತ ಕಡೆಗೂ ಹೇಳಲಿಲ್ಲವಲ್ಲ ಮಾರಾಯ್ರೆ!” ಎಂದರು ಕುಂದಾಪುರದವರು. “ಅದು ಪತ್ತೇದಾರಿ ಅಲ್ರೀ, ಊರಿನ ಕಥಿ” ಎಂದರು ಧಾರವಾಡದವರು.

ನನಗೆ ಇಬ್ಬರ ಮಾತೂ ಅರ್ಧ ಸರಿ. ಅಗಾಥಾ ಕ್ರಿಸ್ಟಿಯ ಪ್ವಾರೋ ಎಲ್ಲರನ್ನೂ ಒಂದೆಡೆ ಕೂರಿಸಿ ಒಬ್ಬನತ್ತ ಬೆರಳು ತೋರಿಸುತ್ತಾನೆ. ಉಳಿದವರು ನಿರಾಳರಾಗಿ ಮನೆಗೆ ಹೋಗುತ್ತಾರೆ. ಕೆಸರೂರಿನಲ್ಲಿ ಆ ನಿರಾಳ ಯಾರಿಗೂ ಇಲ್ಲ. ಏಲಕ್ಕಿ ಬೆಳೆ ಕುಸಿದದ್ದೇಕೆಂದು ಅಂಗಾಡಿ ಕೆದಕಿದಷ್ಟೂ ಜಾತಿ, ದುರಾಸೆ, ಮತೀಯ ದ್ವೇಷ, ಮೂಢನಂಬಿಕೆ ಒಂದಕ್ಕೊಂದು ತಳುಕು ಹಾಕಿಕೊಳ್ಳುತ್ತವೆ. ಕೊನೆಗೆ ಬೆಂಕಿ ಊರನ್ನೇ ಸುತ್ತಿಕೊಳ್ಳುತ್ತದೆ.

ಕಳೆದ ವರ್ಷ ನಮ್ಮ ಪ್ರಾಜೆಕ್ಟೊಂದು ಮುಗ್ಗರಿಸಿದಾಗ ವರದಿಯಲ್ಲಿ ನಾನು ಒಬ್ಬ ಹುಡುಗನ ಹೆಸರು ಬರೆದೆ. ಆಗದ ಗಡುವಿಗೆ ಒಪ್ಪಿದವನು ನಾನೇ. ಮೀಟಿಂಗಿನಲ್ಲಿ ಎಲ್ಲರೂ ನಿರಾಳರಾದರು.

ಕಾದಂಬರಿ ಮುಚ್ಚಿದಾಗ ನೆನಪಾದದ್ದು ಆ ಹುಡುಗ. ಕೊಲೆಗಾರ ಸಿಗಲಿಲ್ಲವೆಂಬ ಗೆಳೆಯರ ದೂರು ನಿಜ. ಸಿಕ್ಕಿದ್ದರೆ ನಾನೂ ಪುಸ್ತಕ ಮರಳಿಸಿ, ಘಾಟ್ಕೋಪರ್‌ನಲ್ಲಿಳಿದು, ಮರೆತುಬಿಡುತ್ತಿದ್ದೆ.