ಪೆಟ್ಟಿಗೆಯ ಅಂಕಿ, ಕಿವಿಯ ಪರೀಕ್ಷೆ

ಅಲಖನೂರಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ, ಅಗ್ಗದ ಇಯರ್‌ಫೋನಿನ ಪೆಟ್ಟಿಗೆಯ ಮೇಲೆ ‘20–20,000 ಹರ್ಟ್ಸ್’ ಎಂಬ ಬರಹ ಸಾಮಾನ್ಯ. ಇದು ಗುಣಮಟ್ಟದ ಪ್ರಮಾಣಪತ್ರವಲ್ಲ. ಈ ವ್ಯಾಪ್ತಿಯೊಳಗೆ ಧ್ವನಿಮಟ್ಟ ಎಷ್ಟು ಡೆಸಿಬೆಲ್ ಏರಿಳಿಯುತ್ತದೆ ಎಂಬುದನ್ನು ತಿಳಿಸದ ಅಂಕಿಗೆ ಬೆಲೆಯಿಲ್ಲ.

ಕಿವಿಯೊಳಗೆ ಕೂರುವ ರಬ್ಬರ್ ತುದಿ ಸಡಿಲವಾಗಿದ್ದರೆ ಒತ್ತಡ ಸೋರಿ ಮಂದ್ರ ಸ್ವರ ಕ್ಷೀಣಿಸುತ್ತದೆ. ಆಗ ನಾವು ಧ್ವನಿ ಏರಿಸುತ್ತೇವೆ. ಪೆಟ್ಟು ಬೀಳುವುದು ಕಿವಿಗೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಸೂಚಿಸುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ.

ಕೊಳ್ಳುವಾಗ ಸರಿಹೊಂದುವ ತುದಿ ಆರಿಸಿ, ನಮ್ಮ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಜನಿಸಿದ ಕುಮಾರ ಗಂಧರ್ವರ (1924–1992) ಗಾಯನವನ್ನು ಸಣ್ಣ ಧ್ವನಿಯಲ್ಲಿ ಆಲಿಸಿ. ತಬಲಾದ ಎಡ ನುಡಿದಾಗಲೂ ತಂಬೂರಿಯ ಝೇಂಕಾರ ಬಿಡಿಯಾಗಿ ಕೇಳಿಸಿದರೆ ಆ ಇಯರ್‌ಫೋನು ಕೊಳ್ಳಲು ಯೋಗ್ಯ. ಮುಚ್ಚಿಹೋದರೆ, ಅದು ಮಂದ್ರವನ್ನು ಅತಿಯಾಗಿ ಉಬ್ಬಿಸುತ್ತಿದೆ.