ಹೆಬ್ಬೆರಳು ತಿದ್ದಿದ ಗುರು

ಬ್ಯಾಸ್ಕೆಟ್‌ಬಾಲ್ ಆಟಗಾರ ಚೆಂಡು ಎಸೆಯುವ ರೀತಿ ಕಾಲೇಜು ಮುಗಿಯುವಷ್ಟರಲ್ಲಿ ಮೈಗಂಟಿಬಿಡುತ್ತದೆ, ಮತ್ತೆ ಬದಲಾಗದು ಎನ್ನುವವರಿದ್ದಾರೆ. ಅವರಿಗೆ ನಾನು ಹೇಳುವ ಹೆಸರು ಚಿಪ್ ಎಂಗೆಲ್ಯಾಂಡ್. 2005ರಿಂದ 2022ರವರೆಗೆ ಅಮೆರಿಕದ ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡದಲ್ಲಿದ್ದ ಶೂಟಿಂಗ್ ಕೋಚ್.

ಆ ತಂಡದ ಟೋನಿ ಪಾರ್ಕರ್ ಓಟದಲ್ಲಿ ಮಿಂಚು, ಆದರೆ ದೂರದ ಎಸೆತ ನೆಚ್ಚುವಂತಿರಲಿಲ್ಲ. ಎಂಗೆಲ್ಯಾಂಡ್ ದೂರದಿಂದ ಎಸೆಯುವ ಮೂರು ಅಂಕದ ಎಸೆತಗಳನ್ನು ಬಹುಮಟ್ಟಿಗೆ ಬಿಡಿಸಿದರು, ಚೆಂಡಿನ ಮೇಲೆ ಹೆಬ್ಬೆರಳು ಕೂರುವ ಜಾಗ ಸರಿಸಿದರು. 2007ರ ಎನ್‌ಬಿಎ ಲೀಗ್ ಫೈನಲ್ಸ್‌ನಲ್ಲಿ ಶ್ರೇಷ್ಠ ಆಟಗಾರನ ಪ್ರಶಸ್ತಿ ಪಾರ್ಕರ್‌ಗೇ ಬಂತು.

ನನಗೆ ಇನ್ನೂ ಹೆಚ್ಚು ಇಷ್ಟವಾಗುವುದು ಕವಾಯ್ ಲೆನರ್ಡ್ ಕಥೆ. ಕಾಲೇಜಿನ ಕೊನೆಯ ವರ್ಷ ಆತನ ಮೂರು ಅಂಕದ ಯತ್ನಗಳಲ್ಲಿ ಬುಟ್ಟಿ ಸೇರಿದ್ದು ಶೇ 29 ಮಾತ್ರ. 2011ರಲ್ಲಿ ಸ್ಪರ್ಸ್‌ಗೆ ಬಂದಾಗ ಎಂಗೆಲ್ಯಾಂಡ್ ಇಡೀ ಶೈಲಿಯನ್ನು ಕೆಡವಲಿಲ್ಲ. ತಲೆಯ ಮೇಲಿಂದ ಹೊರಡುತ್ತಿದ್ದ ಚೆಂಡನ್ನು ತುಸು ಕೆಳಕ್ಕೆ, ಮುಂದಕ್ಕೆ ತಂದರು. ಅಷ್ಟೇ. ಒಳ್ಳೆಯ ವೈದ್ಯ ನಾಡಿ ಹಿಡಿದು ಒಂದೇ ಗುಳಿಗೆ ಕೊಟ್ಟ ಹಾಗೆ. ಎಲ್ಲವನ್ನೂ ಒಮ್ಮೆಗೇ ತಿದ್ದಲು ಹೊರಟರೆ ಆಟಗಾರ ಪಂದ್ಯದ ನಡುವೆ ಕೈ ಹೇಗಿರಬೇಕೆಂದು ಯೋಚಿಸತೊಡಗುತ್ತಾನೆ. ಅಲ್ಲಿಗೆ ಎಸೆತ ಕೆಟ್ಟಿತು. ಯಾವುದನ್ನು ಮುಟ್ಟಬಾರದೆಂದು ಅರಿತಿರುವುದೇ ಈ ಕೋಚ್‌ನ ದೊಡ್ಡ ವಿದ್ಯೆ ಎಂದು ನನ್ನ ನಂಬಿಕೆ.

ಉಳಿದದ್ದು ಲೆನರ್ಡ್‌ನ ಬೆವರು. ಹೊಸ ಚಲನೆಯನ್ನು ತೋಳು ತಾನಾಗಿ ಮಾಡುವವರೆಗೆ ಎಸೆಯುತ್ತಲೇ ಇರಬೇಕು. ಆ ಪಾಲನ್ನು ಯಾವ ಗುರುವೂ ಹೊರಲಾರ. ಸ್ಪರ್ಸ್‌ನ ಮೊದಲ ಋತುವಿನಲ್ಲೇ ಆತನ ಮೂರು ಅಂಕದ ಎಸೆತಗಳ ಲೆಕ್ಕ ಶೇ 37 ದಾಟಿತು. 2015-16ರಲ್ಲಿ ಶೇ 44.