‘ಪತ್ತೆಯಾಗಿಲ್ಲ’ ಎಂದರೆ ಇಲ್ಲವೆಂದೇ?

‘ಅಪ್ಪಟ ಗಿಡಮೂಲಿಕೆ’ ಎಂದು ಬರೆದ ಡಬ್ಬಿಯೊಳಗೆ ಇಂಗ್ಲಿಷ್ ಔಷಧಿ ಅಡಗಿರುವುದು ಹೊಸ ಸಂಗತಿಯಲ್ಲ. 2018ರಲ್ಲಿ ‘ಜಾಮಾ ನೆಟ್‌ವರ್ಕ್ ಓಪನ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು, ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2007ರಿಂದ 2016ರವರೆಗೆ ಗುರುತಿಸಿದ್ದ ಇಂಥ 776 ಪೂರಕ ಆಹಾರಗಳನ್ನು ವಿಶ್ಲೇಷಿಸಿತು. ಅವುಗಳಲ್ಲಿ ತೂಕ ಇಳಿಸುವ ಉತ್ಪನ್ನಗಳ ಪೈಕಿ ಸುಮಾರು ಶೇ. 85ರಲ್ಲಿ ಸಿಬುಟ್ರಮೀನ್ ಇತ್ತು. ಹೃದಯಕ್ಕೆ ಅಪಾಯಕಾರಿ ಎಂದು 2010ರಲ್ಲಿ ಅಮೆರಿಕದಲ್ಲಿ ಮಾರಾಟ ನಿಂತ, 2011ರಲ್ಲಿ ಭಾರತದಲ್ಲೂ ನಿಷೇಧಗೊಂಡ ಔಷಧಿ ಇದು.

ಓದುಗರು ಇಲ್ಲಿ ಸ್ವಲ್ಪ ತಡೆಯಬೇಕು. ಶೇ. 85 ಎಂಬುದು ಸಿಕ್ಕಿಬಿದ್ದವುಗಳ ಲೆಕ್ಕ, ಅಂಗಡಿಯಲ್ಲಿರುವ ಎಲ್ಲ ಡಬ್ಬಿಗಳದ್ದಲ್ಲ. ಹಾಗೆಯೇ 776 ಎಂಬುದು ಹುಡುಕಿದ್ದರಿಂದ ಸಿಕ್ಕವು. ಹುಡುಕದೇ ಬಿಟ್ಟದ್ದು ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಪ್ರಯೋಗಾಲಯದಲ್ಲಿ ನಡೆಯುವುದೂ ಇದೇ. ಕ್ಯಾಪ್ಸೂಲಿನ ಸಾರವನ್ನು ವರ್ಣರೇಖನದಿಂದ ಬೇರ್ಪಡಿಸಿ, ದ್ರವ್ಯರಾಶಿ ರೋಹಿತಮಾಪಕದಲ್ಲಿ ಅಣುಗಳನ್ನು ತೂಗುತ್ತಾರೆ. ಯಾವ ತೂಕಗಳನ್ನು ನೋಡಬೇಕೆಂದು ಉಪಕರಣಕ್ಕೆ ಮೊದಲೇ ಹೇಳಿರುತ್ತಾರೆ. ವಯಾಗ್ರದಲ್ಲಿರುವ ಸಿಲ್ಡೆನಫಿಲ್‌ನ ಅಣುತೂಕ 474. ಕಲಬೆರಕೆ ಮಾಡುವವನು ಅದಕ್ಕೆ ಒಂದು ಇಂಗಾಲ, ಎರಡು ಹೈಡ್ರೋಜನ್ ಸೇರಿಸಿದರೆ 488ರ ಹೋಮೋಸಿಲ್ಡೆನಫಿಲ್ ಆಗುತ್ತದೆ. ಪಟ್ಟಿಯಲ್ಲಿ 474 ಮಾತ್ರ ಇದ್ದರೆ ವರದಿ ‘ಪತ್ತೆಯಾಗಿಲ್ಲ’ ಎನ್ನುತ್ತದೆ. ವರದಿ ಸುಳ್ಳಲ್ಲ, ಕೇಳಿದ ಪ್ರಶ್ನೆಯೇ ಚಿಕ್ಕದು.

ಹೆಚ್ಚು ನಿಖರವಾಗಿ ತೂಗಿದರೆ ಸಾಕೇ? ಸಾಲದು. ವಾರ್ಡೆನಫಿಲ್ ಎಂಬ ಬೇರೊಂದು ಔಷಧಿಗೂ ಹೋಮೋಸಿಲ್ಡೆನಫಿಲ್‌ಗೂ ಅಣುಸೂತ್ರ ಒಂದೇ. ಎಷ್ಟು ದಶಮಾಂಶ ಸ್ಥಾನಗಳವರೆಗೆ ಹೋದರೂ ತೂಕ ಒಂದೇ! ಅಣುವನ್ನು ಒಡೆದಾಗ ಮಾತ್ರ ಗುಟ್ಟು ರಟ್ಟಾಗುತ್ತದೆ: ಒಂದು 283ರ ಚೂರು ಕೊಡುತ್ತದೆ, ಇನ್ನೊಂದು 151ರದು. ಆದ್ದರಿಂದ ಇಡೀ ಅಣುವಿನ ತೂಕ ಏನೇ ಇರಲಿ, 283ರ ಚೂರು ಉದುರಿಸುವ ಪ್ರತಿಯೊಂದನ್ನೂ ಶಂಕಿಸುವುದು ಜಾಣತನ. ಆದರೆ ಅಣುವಿನ ನಡುಭಾಗದ ಆಮ್ಲಜನಕದ ಜಾಗದಲ್ಲಿ ಗಂಧಕ ಕೂರಿಸಿದರೆ ಆ ಚೂರೂ 299ಕ್ಕೆ ಜಾರುತ್ತದೆ. ಕಳ್ಳನೂ ರಸಾಯನವಿಜ್ಞಾನ ಓದಿದ್ದಾನೆ.

ಇದು ಬರೀ ಅಂಕಿಗಳ ಆಟವಲ್ಲ. ಎದೆನೋವಿಗೆ ನೈಟ್ರೇಟ್ ಗುಳಿಗೆ ನುಂಗುವವರ ಹೊಟ್ಟೆಗೆ ಸಿಲ್ಡೆನಫಿಲ್ ಸೇರಿದರೆ ರಕ್ತದೊತ್ತಡ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯಬಹುದು. ಅದನ್ನು ಸೇವಿಸಿದ್ದು ರೋಗಿಗೇ ಗೊತ್ತಿಲ್ಲದಿರುವಾಗ ವೈದ್ಯರಿಗೆ ಹೇಳುವವರು ಯಾರು?

ಹಾಗಾಗಿ ಯಾರಾದರೂ ‘ಪರೀಕ್ಷಿಸಲಾಗಿದೆ’ ಎಂಬ ಪ್ರಮಾಣಪತ್ರ ತೋರಿಸಿದರೆ ನೀವು ಕೇಳಬೇಕಾದ್ದು ಇಷ್ಟು: ಯಾವ ಯಾವ ಅಣುಗಳನ್ನು ಹುಡುಕಿದಿರಿ, ಎಷ್ಟು ಕಡಿಮೆ ಪ್ರಮಾಣದವರೆಗೆ, ಯಾವ ವಿಧಾನದಿಂದ, ಎಷ್ಟು ಡಬ್ಬಿಗಳಲ್ಲಿ? ಉತ್ತರ ಪ್ರಮಾಣಪತ್ರದಲ್ಲೇ ಅಚ್ಚಾಗಿರಬೇಕು.